ಅಂಗುಲಪ್ಪನ ಬಿಸಿಲು

ಲಕ್ಕಿ ಡಿಪ್‌ನಲ್ಲಿ ನನಗೆ ಬರಬೇಕಾಗಿದ್ದದ್ದು ಐದು ಲೀಟರಿನ ಕುಕ್ಕರು. ದರ್ಜಿಗಳ ಸಂಘದ ವಾರ್ಷಿಕೋತ್ಸವದಲ್ಲಿ ಚೀಟಿ ಎತ್ತುವಾಗ ನನ್ನ ಕಣ್ಣೆಲ್ಲ ಅದರ ಮೇಲೇ ಇತ್ತು. ಕುಕ್ಕರು ಇನ್ಯಾರದೋ ಪಾಲಾಯಿತು. ಎರಡನೆಯ ಬಹುಮಾನದ ಗೋಡೆ ಗಡಿಯಾರವೂ ಹೋಯಿತು. ಮೂರನೆಯದಕ್ಕೆ "ರುದ್ರಾಣಿ, ಬುಧವಾರದ ಬೀದಿ" ಎಂದು ಕೂಗಿದರು. ಎದ್ದು ಹೋದರೆ ಕೈಗೆ ತಂತಿಬಲೆ ಹೊಡೆದ ಒಂದು ಪೆಟ್ಟಿಗೆ ಕೊಟ್ಟರು. ಒಳಗೆ ಒಂದು ಹಲ್ಲಿ. ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿ ಎಂದುಕೊಳ್ಳಬೇಡಿ. ಮುಕ್ಕಾಲು ಮೊಳ ಉದ್ದದ್ದು, ಮೈತುಂಬ ಕಪ್ಪು ಬಿಳಿ ಪಟ್ಟೆ, ತಲೆ ಮಾತ್ರ ಬಾಳೆಸುಳಿಯ ಎಳೆ ಹಸಿರು.

ಬಹುಮಾನ ದಾನ ಕೊಟ್ಟವನು ಮಧ್ಯಾಹ್ನದ ಬಸ್ಸಿನ ಡ್ರೈವರ್ ಯಾಕೂಬ್, ಹೊರಗಿನ ಊರಿನವನು. "ಏನಪ್ಪ, ಉಡದ ಮರಿನಾ?" ಎಂದೆ.

"ಉಡ ಅಲ್ಲಕ್ಕ, ಟೆಗು ಅಂತ. ಬೇರೆ ದೇಶದ್ದು. ನಮ್ಮ ಓನರ್ ಮನೇಲಿ ಮೊಟ್ಟೆ ಒಡೆದು ಹನ್ನೆರಡು ಮರಿ ಬಂದ್ವು, ಅದ್ರಲ್ಲಿ ಒಂದು. ಮೊಟ್ಟೆ, ಮೀನು, ಹುಳ, ಹಣ್ಣು, ಏನ್ ಕೊಟ್ರೂ ತಿನ್ನುತ್ತೆ. ಬಲೇ ಹೊಟ್ಟೆಬಾಕ. ನೀವು ಉಟ್ಟ ಹಳೇ ಬಟ್ಟೆ ಒಂದು ಅದರ ಪೆಟ್ಟಿಗೇಲಿ ಹಾಕಿ, ನಿಮ್ಮ ವಾಸನೆ ಪರಿಚಯ ಆಗ್ಲಿ. ಮೇಲಿಂದ ಕೈ ಹಾಕ್ಬೇಡಿ, ಹದ್ದು ಅಂದ್ಕೊಂಡು ಹೆದರುತ್ತೆ."

ಬೇಡ ಎಂದು ಹಿಂದಕ್ಕೆ ಕೊಡಬಹುದಿತ್ತು. ಆದರೆ ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕವರ ಎದುರು ಬಹುಮಾನ ಬಿಟ್ಟು ಬರುವ ಜಾಯಮಾನ ನನ್ನದಲ್ಲ. ನನಗೆ ಐವತ್ತೆಂಟು. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇನೆ. ಒಬ್ಬಳೇ ಇದ್ದೇನೆ, ಚೆನ್ನಾಗಿಯೇ ಇದ್ದೇನೆ. ಯಾರ ಹಂಗೂ ಬೇಡ ಎನ್ನುವುದು ನನ್ನ ಸ್ವಭಾವ. ನಮ್ಮ ಬೀದಿಯವರು ಅದಕ್ಕೆ ಕೊಬ್ಬು ಎಂಬ ಬೇರೆ ಹೆಸರಿಟ್ಟುಕೊಂಡಿದ್ದಾರೆ.

ನಮ್ಮೂರಿನಲ್ಲಿ ಹಂಗು ಎಂದರೆ ಮೊದಲಿಗೆ ಬಿಸಿಲಿನ ಹಂಗು. ಊರಿಗೆ ಏಳು ಬೀದಿ. ಒಂದೊಂದು ಬೀದಿಗೆ ವಾರದಲ್ಲಿ ಒಂದೊಂದು ದಿನ ಬಿಸಿಲು. ಸೋಮವಾರ ಸೋಮವಾರದ ಬೀದಿಗೆ, ಮಂಗಳವಾರ ಮಂಗಳವಾರದ ಬೀದಿಗೆ, ಬುಧವಾರ ನಮಗೆ. ಮಿಕ್ಕ ಆರು ದಿನ ಮೋಡ ಮುಚ್ಚಿದಂಥ ತಣ್ಣನೆಯ ಬೆಳಕು. ಸೂಜಿಗೆ ದಾರ ಪೋಣಿಸಲು ಅಷ್ಟು ಸಾಕು. ಬಿಸಿಲಿನ ದಿನ ಯಾರೂ ಸುಮ್ಮನೆ ಕೂರುವುದಿಲ್ಲ. ಹಾಸಿಗೆ, ದಿಂಬು, ಒಗೆದ ಬಟ್ಟೆ, ಮೆಣಸಿನಕಾಯಿ, ಸಂಡಿಗೆ ಎಲ್ಲ ಬೀದಿಗೆ ಬರುತ್ತವೆ. ಬೇರೆ ಬೀದಿಯವರು ಆ ಬಿಸಿಲಿಗೆ ಕಾಲಿಡಬೇಕಾದರೆ ಅಲ್ಲಿನವರು ಯಾರಾದರೂ "ಬಿಸಿಲಿಗೆ ಬನ್ನಿ" ಎಂದು ಕರೆಯಬೇಕು. ಊಟಕ್ಕೆ ಕರೆದ ಹಾಗೆಯೇ ಇದೂ. ಕರೆಯದೆ ಹೋಗುವ ಹಾಗಿಲ್ಲ, ಬಾಯಿಬಿಟ್ಟು ಕೇಳುವ ಹಾಗಂತೂ ಇಲ್ಲವೇ ಇಲ್ಲ. ಬೇಕಾದವರು ಬೀದಿಯ ತುದಿಯಲ್ಲಿ, ಬಿಸಿಲು ನಿಲ್ಲುವ ಗೆರೆಯ ಈಚೆ, ಏನೋ ಕೆಲಸವಿದ್ದವರಂತೆ ನಿಂತಿರುತ್ತಾರೆ. ಕರೆದವರನ್ನು ತಮ್ಮ ದಿನ ಬಂದಾಗ ತಿರುಗಿ ಕರೆಯಬೇಕು. ಈ ಹೋಗಿ ಬಂದು ಮಾಡುವ ಉಸಾಬರಿಯೇ ಬೇಡವೆಂದು ಮೂವತ್ತು ವರ್ಷದಿಂದ ನಾನು ಯಾರನ್ನೂ ಕರೆದಿಲ್ಲ, ಯಾರ ಬಿಸಿಲಿಗೂ ಹೋಗಿಲ್ಲ.

ಮನೆಗೆ ತಂದ ಕೂಡಲೇ ಮಾಡಿದ ಕೆಲಸ ಟೇಪು ಹಿಡಿದು ಅಳೆದದ್ದು. ಮೂತಿಯಿಂದ ಬಾಲದ ತುದಿಗೆ ಹದಿನಾಲ್ಕು ಅಂಗುಲ. ಅಳೆಯಲು ಬಿಟ್ಟನೆಂದೇನೂ ಅಲ್ಲ. ಮೈ ಉಬ್ಬಿಸಿ ಬುಸ್ ಎಂದ, ಬಾಲದಿಂದ ನನ್ನ ಮಣಿಕಟ್ಟಿಗೆ ಒಂದು ಬಾರಿಸಿದ. ಪರವಾಗಿಲ್ಲ, ಇವನೂ ನನ್ನ ಥರದವನೇ ಎಂದುಕೊಂಡೆ. ಅಂಗುಲಪ್ಪ ಎಂದು ಹೆಸರಿಟ್ಟೆ. ನನ್ನ ಹಳೆಯ ನೀಲಿ ರವಿಕೆಯೊಂದನ್ನು ಪೆಟ್ಟಿಗೆಯೊಳಗೆ ಹಾಕಿದೆ. ತೋಳಿನೊಳಗೆ ನುಗ್ಗಿ, ಹಸಿರು ಮೂತಿಯನ್ನಷ್ಟೇ ಹೊರಗಿಟ್ಟು ಮಲಗಿದ.

ಮಲಗಿದವನು ಏಳಲಿಲ್ಲ. ಬೇಯಿಸಿದ ಮೊಟ್ಟೆ ಇಟ್ಟೆ, ಹಸಿ ಮೊಟ್ಟೆ ಒಡೆದು ಇಟ್ಟೆ. ಬಾಳೆಹಣ್ಣು ಹಿಸುಕಿ ಇಟ್ಟೆ, ಪರಂಗಿ ಹೆಚ್ಚಿ ಇಟ್ಟೆ. ಹಿತ್ತಲಿನಲ್ಲಿ ಜಿರಳೆ, ಮಿಡತೆ ಹಿಡಿಯುತ್ತ ನಾನು ಮಂಡಿಯೂರಿ ತೆವಳುವುದನ್ನು ಪಕ್ಕದ ಮನೆಯ ಲಿಂಗಾಜಮ್ಮ ಕಾಂಪೌಂಡಿನ ಆಚೆಯಿಂದ ನೋಡಿ ಕಣ್ತುಂಬಿಕೊಂಡಳು. ಅಂಗುಲಪ್ಪ ಎಲ್ಲದರ ಮೇಲೂ ಸೀಳು ನಾಲಿಗೆ ಆಡಿಸಿ, ವಾಸನೆ ನೋಡಿ, ಮತ್ತೆ ರವಿಕೆಯೊಳಗೆ ಹೋಗುತ್ತಿದ್ದ. ಒಮ್ಮೆ ಮೊಟ್ಟೆಯ ತುಂಡನ್ನು ಬೆರಳಲ್ಲಿ ಹಿಡಿದು ಕೊಡಲು ಹೋದೆ. ಮೊಟ್ಟೆ ಬಿಟ್ಟು ಹೆಬ್ಬೆರಳು ಕಚ್ಚಿದ. ಆಮೇಲೆ ಮರದ ಚಮಚಕ್ಕೆ ಬಂದೆ.

"ನಾಚ್ಕೆ ಕಣೇ ಅದಕ್ಕೆ," ಎಂದಳು ಲಿಂಗಾಜಮ್ಮ. "ಹೊಸ ಜಾಗ. ನೀನು ಹಂಗೆ ಕಣ್ಣು ಬಿಟ್ಕೊಂಡು ಎದುರಿಗೆ ಕೂತ್ರೆ ಯಾರು ತಾನೆ ಉಣ್ತಾರೆ? ನನಗೇ ತುತ್ತು ಇಳಿಯಲ್ಲ."

ಅದೂ ಇರಬಹುದು ಎಂದು ಬೆನ್ನು ಹಾಕಿ ಕೂತೆ. ಕೋಣೆ ಇನ್ನಷ್ಟು ಕತ್ತಲು ಮಾಡಿದೆ. ಕಿಟಕಿಗೆ ಸೀರೆ ಕಟ್ಟಿದೆ. ತಣ್ಣಗಿರಲಿ ಎಂದು ಪೆಟ್ಟಿಗೆಯ ಕೆಳಗೆ ಒದ್ದೆ ಗೋಣಿ ಬೇರೆ ಹಾಸಿದೆ. ಐದು ದಿನಕ್ಕೆ ಅವನ ಬಾಲದ ಬುಡ ಸಣ್ಣಗಾಗಿ ಮೂಳೆ ಕೈಗೆ ಹತ್ತತೊಡಗಿತು. ಬುಸ್ ಎನ್ನುವುದನ್ನೂ ನಿಲ್ಲಿಸಿದ. ಬೈಯುತ್ತಿದ್ದವರು ಸುಮ್ಮನಾದರೆ ಎಷ್ಟು ಹೆದರಿಕೆಯಾಗುತ್ತದೆ ಎಂದು ಆಗ ಗೊತ್ತಾಯಿತು. ಕುಕ್ಕರಿನ ನೆನಪು ಪೂರ್ತಿ ಹೋಗಿತ್ತು. ಇವನು ಒಂದು ತುತ್ತು ತಿಂದರೆ ಸಾಕಾಗಿತ್ತು.

ಬುಧವಾರ ಬಂತು. ಬೆಳಿಗ್ಗೆ ಏಳಕ್ಕೆ ನಮ್ಮ ಬೀದಿಗೆ ಬಿಸಿಲು ಇಳಿದ ಕೂಡಲೇ ನಾನೂ ಎಲ್ಲರ ಹಾಗೆ ಹಾಸಿಗೆ, ಬಟ್ಟೆಯ ಥಾನು, ಮೆಣಸಿನಕಾಯಿ ಹೊರಗೆ ಹರಡಿದೆ. ಪೆಟ್ಟಿಗೆಯನ್ನು ಮಾತ್ರ ಒಳಕೋಣೆಯ ಮೂಲೆಗೆ ತಳ್ಳಿದೆ. ಬಿಸಿಲಿನಂಥ ಬಿಸಿಲನ್ನು ಹಲ್ಲಿಗೆ ಯಾರು ಕೊಡುತ್ತಾರೆ? ಮಧ್ಯಾಹ್ನ ನೀರು ಬದಲಿಸಿದವಳು ಚಿಲಕ ಹಾಕುವುದನ್ನು ಮರೆತೆನೋ ಏನೋ, ಮೂರು ಗಂಟೆಗೆ ನೋಡಿದರೆ ಪೆಟ್ಟಿಗೆ ಖಾಲಿ. ಮಂಚದ ಕೆಳಗೆ, ಮಷೀನಿನ ಕೆಳಗೆ, ಅಕ್ಕಿ ಡಬ್ಬದ ಹಿಂದೆ ಎಲ್ಲ ಹುಡುಕಿ ಹೊರಗೆ ಓಡಿ ಬಂದರೆ, ಮನೆಯ ಮುಂದಿನ ಕಲ್ಲು ಚಪ್ಪಡಿಯ ಮೇಲೆ, ಮೆಣಸಿನಕಾಯಿಯ ಮಧ್ಯೆ, ಅಂಗುಲಪ್ಪ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಚಪ್ಪಟೆಯಾಗಿ ಬಿದ್ದಿದ್ದಾನೆ. ಸತ್ತೇ ಹೋದನೆಂದು ಹತ್ತಿರ ಹೋದೆ. ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದ. ಮುಟ್ಟಿದೆ. ಮೈ ಬೆಚ್ಚಗಿತ್ತು.

ಒಂದು ಮೊಟ್ಟೆ ತಂದು ತಟ್ಟೆಗೆ ಒಡೆದೆ. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ಆಮೇಲೆ ಮುಖವನ್ನೇ ತಟ್ಟೆಗೆ ಅದ್ದಿ ಚಪ್ಪರಿಸಿ ತಿಂದ. ಅರಿಶಿನ ಹಚ್ಚಿದ ಮದುಮಗನ ಹಾಗೆ ಮೂತಿಯೆಲ್ಲ ಹಳದಿ ಮಾಡಿಕೊಂಡ. ತಟ್ಟೆ ನೆಕ್ಕಿ ಮುಗಿಸಿ ನನ್ನ ಸೀರೆಯ ಅಂಚನ್ನೂ ಒಮ್ಮೆ ಕಚ್ಚಿ ನೋಡಿದ. "ಲಿಂಗಾಜಮ್ಮಾ, ತಿಂದ! ತಿಂದ ಕಣೇ!" ಎಂದು ನಾನು ಬೀದಿಯ ನಡುವೆ ಕೂಗಿದ್ದು ಶಾಲೆಯವರೆಗೂ ಕೇಳಿಸಿತಂತೆ.

ನಮ್ಮೂರಿನಲ್ಲಿ ಹುಟ್ಟಿದ ನಾಯಿ, ಬೆಕ್ಕು, ಕೋಳಿಗೆಲ್ಲ ವಾರಕ್ಕೊಂದು ಬಿಸಿಲು ಸಾಕು. ದಿನಾ ಬಿಸಿಲು ಬೇಕೆನ್ನುವ ಪ್ರಾಣಿ ಇರಬಹುದೆಂದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಅವತ್ತೇ ಬಸ್‌ಸ್ಟ್ಯಾಂಡಿಗೆ ಹೋಗಿ ಯಾಕೂಬನನ್ನು ಹಿಡಿದೆ. ಅವನು ಹಣೆ ಚಚ್ಚಿಕೊಂಡ. ಅವರೂರಿನಲ್ಲಿ ಬಿಸಿಲು ದಿನಾ ಎಲ್ಲ ಬೀದಿಗೂ ಬೀಳುತ್ತದಂತೆ. ಹೇಳಬೇಕಾದ ಮಾತು ಎಂದು ಅವನಿಗೂ ಹೊಳೆದಿರಲಿಲ್ಲ.

"ಅಕ್ಕ, ದಿನಾ ಮೈ ಕಾಯಿಸ್ಬೇಕು ಅದು. ಮೈ ಬಿಸಿ ಆದ್ರೆ ತಾನೆ ಹಸಿವು ಆಗೋದು. ಇನ್ನೊಂದು ವಿಷ್ಯ, ತಿಂದ ಮೇಲೆ ಬಿಸಿಲು ಸಿಗ್ಲಿಲ್ಲ ಅಂದ್ರೆ ತಿಂದಿದ್ದು ಹೊಟ್ಟೇಲೇ ಕೊಳೆಯುತ್ತೆ. ಆಮೇಲೆ ಉಳಿಯಲ್ಲ."

"ದಿನಾ ಅಂದ್ರೆ ವಾರಕ್ಕೆಷ್ಟು ಸಲ?"

"ಏಳು ಸಲ ಅಕ್ಕ," ಎಂದ ಯಾಕೂಬ್, ನನಗೆ ತಲೆ ಸರಿಯಿದೆಯೇ ಎನ್ನುವಂತೆ ನೋಡುತ್ತ.

ಬಲ್ಬು ಹಚ್ಚಿ ನೋಡಿದೆ, ತಿರುಗಿ ಮಲಗಿದ. ಇಸ್ತ್ರಿಪೆಟ್ಟಿಗೆಯಿಂದ ಬಟ್ಟೆ ಬಿಸಿ ಮಾಡಿ ಹೊದಿಸಿದೆ; ಒದ್ದು ಹೊರಗೆ ಬಂದ. ಗುರುವಾರ ಬೆಳಿಗ್ಗೆ ಬೇರೆ ದಾರಿ ಕಾಣದೆ ಅವನನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡು ಗುರುವಾರದ ಬೀದಿಯ ತುದಿಗೆ ಹೋಗಿ ಗೆರೆಯ ಈಚೆ ನಿಂತೆ. ಯಾರಾದರೂ ನೋಡಿದರೆ ಬಟನ್ ತರಲು ಬಂದೆ ಎನ್ನೋಣವೆಂದು ಲೆಕ್ಕ ಹಾಕಿದ್ದೆ. ಆಗ ಚೀಲದ ಬಾಯಿಂದ ಹಸಿರು ತಲೆ ಹೊರಬಂದು ನಾಲಿಗೆ ಆಡಿಸಿತು.

ಎದುರಿನ ಜಗಲಿಯಲ್ಲಿ ಕೂತಿದ್ದವರು ನಿವೃತ್ತ ಪೋಸ್ಟ್‌ಮ್ಯಾನ್ ಸಿದ್ದಬಸಪ್ಪನವರು. ಕನ್ನಡಕ ಮೇಲೇರಿಸಿ ನೋಡಿದರು. "ಯಾರು, ರುದ್ರಾಣಮ್ಮನಾ? ನಿಮ್ಮ ಬೀದಿಗೆ ಮೂವತ್ತೆರಡು ವರ್ಷ ಕಾಗದ ಕೊಟ್ಟಿದೀನಿ, ಒಂದು ಲೋಟ ನೀರು ಕೊಟ್ಟೋರಲ್ಲ ನೀವು. ಅದೇನು ಚೀಲದಲ್ಲಿ? ಅಯ್ಯಯ್ಯೋ, ಎಷ್ಟು ಚೆನ್ನಾಗಿದೆ! ಬನ್ನಿ ಬನ್ನಿ, ಬಿಸಿಲಿಗೆ ಬನ್ನಿ."

ಹೋದೆ. ಬೈಸಿಕೊಂಡೇ ಹೋದೆ. ಅಂಗುಲಪ್ಪ ಅವರ ಜಗಲಿಯ ಕಲ್ಲಿನ ಮೇಲೆ ಚಪ್ಪಟೆಯಾದ. ಬಿಟ್ಟು ಬರುವ ಹಾಗಿಲ್ಲದ್ದರಿಂದ ನಾನೂ ಪಕ್ಕದಲ್ಲಿ ಕೂತೆ. ಬೆನ್ನಿಗೆ ಬಿಸಿಲು ಬಿತ್ತು. ಮೂವತ್ತು ವರ್ಷದಿಂದ ಬಿಸಿಲಿಗೆ ಬಟ್ಟೆ ಹಾಕಿದ್ದೇನೆ, ಮೆಣಸಿನಕಾಯಿ ಹಾಕಿದ್ದೇನೆ, ನಾನೇ ಕೂತದ್ದಿರಲಿಲ್ಲ. ಇಷ್ಟು ಹಿತವಾಗಿರುತ್ತದೆಂದು ಯಾರೂ ಹೇಳಿರಲಿಲ್ಲ. ಸಿದ್ದಬಸಪ್ಪನವರು ಒಳಗಿಂದ ಒಂದು ಮಾಗಿದ ಬಾಳೆಹಣ್ಣು ತಂದರು. ಅಂಗುಲಪ್ಪ ಚಮಚದಿಂದ ಅರ್ಧ ತಿಂದ. ಮಿಕ್ಕರ್ಧ ನಾನು ತಿಂದೆ.

ಹಾಗೆ ಶುಕ್ರವಾರ, ಶನಿವಾರ, ಭಾನುವಾರ. ನನ್ನ ಮುಖ ನೋಡಿ ಕರೆದವರು ಒಬ್ಬರೂ ಇಲ್ಲ, ಅವನ ಮುಖ ನೋಡಿ ಕರೆಯದವರು ಒಬ್ಬರೂ ಇಲ್ಲ. ಬೆಳಿಗ್ಗೆ ಚೀಲದ ಬಾಯಿ ತೆರೆದರೆ ತಾನೇ ಒಳಗೆ ನಡೆಯತೊಡಗಿದ. ಶುಕ್ರವಾರ ನನ್ನ ಅಂಗೈ ಮೇಲೆ ಗದ್ದ ಇಟ್ಟ. ನಾನು ಉಸಿರು ಬಿಗಿಹಿಡಿದು ಅರ್ಧ ಗಂಟೆ ಕೈ ಅಲ್ಲಾಡಿಸಲಿಲ್ಲ. ಕೈ ಜೋಮು ಹಿಡಿಯಿತು, ಹಿಡಿಯಲಿ ಎಂದು ಬಿಟ್ಟೆ. ಶನಿವಾರ ತೋಳು ಹತ್ತಿ ಹೆಗಲಿಗೆ ಬಂದು ನನ್ನ ಕಿವಿಯ ಓಲೆಗೆ ನಾಲಿಗೆ ತಾಗಿಸಿದ. ಭಾನುವಾರ ನಾನು "ಅಂಗುಲಪ್ಪಾ" ಎಂದರೆ ತಲೆ ಎತ್ತಿದ. ಚಮಚದ ಸದ್ದಿಗೆ ಎತ್ತಿದ್ದು ಎಂದು ಲಿಂಗಾಜಮ್ಮ ಹೇಳುತ್ತಾಳೆ, ಅವಳಿಗೆ ಹೊಟ್ಟೆಕಿಚ್ಚು. ಕರೆದವರನ್ನೆಲ್ಲ ಬುಧವಾರ ತಿರುಗಿ ಕರೆಯಬೇಕಲ್ಲ ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ಅತ್ತ ತಳ್ಳಿದೆ. ಜ್ವರ ಬಂತೆಂದು ಬಾಗಿಲು ಹಾಕಿಕೊಂಡರಾಯಿತು ಎಂದೂ ಯೋಚಿಸಿದ್ದೆ, ಸುಳ್ಳೇಕೆ ಹೇಳಲಿ.

ಸೋಮವಾರ ಎಡವಟ್ಟಾಯಿತು. ಸೋಮವಾರದ ಬೀದಿಯಲ್ಲಿ ನಮ್ಮನ್ನು ಕರೆದವಳು ಮೀನಿನಂಗಡಿಯಾಕೆ. ಅಂಗುಲಪ್ಪ ತಿನ್ನುವ ಚೆಂದ ನೋಡಿ ಅವಳು ಸಣ್ಣ ಮೀನು ಹಾಕುತ್ತಲೇ ಹೋದಳು, ಅವನು ನುಂಗುತ್ತಲೇ ಹೋದ. ಆಸೆಬುರುಕಿ ನಾನು, ತಡೆಯಲಿಲ್ಲ. ಎರಡು ಮೊಟ್ಟೆ ಬೇರೆ ತಿನ್ನಿಸಿದೆ. ಸಂಜೆ ಬಿಸಿಲು ಹೋಗುವ ಹೊತ್ತಿಗೆ ಹೊಟ್ಟೆ ಗುಂಡಗೆ ಉಬ್ಬಿ ಕಾಲು ನೆಲಕ್ಕೆ ಸರಿಯಾಗಿ ಎಟುಕುತ್ತಿರಲಿಲ್ಲ. ಚೀಲ ಹೆಗಲಿಗೆ ಹಾಕಿ ಖುಷಿಯಲ್ಲಿ ಮನೆ ಬಾಗಿಲು ತಲುಪಿದ ಮೇಲೆ ನೆನಪಾಯಿತು. ನಾಳೆ ಮಂಗಳವಾರ.

ಮಂಗಳವಾರದ ಬೀದಿಗೆ ನಾನು ಹೋಗುವ ಹಾಗಿರಲಿಲ್ಲ. ಆರು ವರ್ಷದ ಹಿಂದೆ ಯೂನಿಫಾರಂ ಗಂಟು ಹೊತ್ತು ಆ ಬೀದಿಯ ತುದಿಯಲ್ಲಿ ಹೋಗುತ್ತಿದ್ದೆ. ಹಪ್ಪಳ ಮಾಡುವ ಪಾಪಣ್ಣ ಅಂದು ಮಗಳ ಸಂಬಂಧಕ್ಕೆ ಬಂದ ಬೀಗರನ್ನು ಬಿಸಿಲಿಗೆ ಕೂರಿಸಿಕೊಂಡಿದ್ದ. ನನ್ನನ್ನು ಕಂಡು ಸಂತೋಷದಲ್ಲಿ "ರುದ್ರಕ್ಕ, ಬಿಸಿಲಿಗೆ ಬನ್ನಿ" ಎಂದು ಕರೆದ. "ಯಾಕಪ್ಪ, ನಮ್ಮ ಬೀದಿಗೇನು ಬಿಸಿಲು ಬರಲ್ವಾ?" ಎಂದು ನಾನು ನಿಲ್ಲದೆ ನಡೆದೆ. ಬೀಗರ ಎದುರು ಅವನ ಮುಖ ಸಣ್ಣದಾಯಿತು. ಅಂಥ ಮಾತಾಡಿದವರನ್ನು ಆ ಬೀದಿ ಮತ್ತೆ ಕರೆಯುವುದಿಲ್ಲ. ಊರಿನ ಪದ್ಧತಿ ಅದು, ತಪ್ಪು ನನ್ನದೇ.

ಮಂಗಳವಾರ ಬೆಳಿಗ್ಗೆ ಅಂಗುಲಪ್ಪನ ಮೈ ತಣ್ಣಗಿತ್ತು. ಹೊಟ್ಟೆ ಕಲ್ಲಿನ ಹಾಗೆ ಬಿಗಿದಿತ್ತು. ಬಾಯಿ ತೆರೆದು ಒಮ್ಮೆ ಓಕರಿಸಿದ, ಏನೂ ಬರಲಿಲ್ಲ. ಯಾಕೂಬನ ಮಾತು ಕಿವಿಯಲ್ಲೇ ಇತ್ತು. ಚೀಲ ಎತ್ತಿಕೊಂಡು ನಡೆದೆ. ಚಪ್ಪಲಿ ಹಾಕಿಕೊಂಡದ್ದು ಬೇರೆ ಬೇರೆ ಜೊತೆಯದ್ದು ಎಂದು ಗೆರೆಯ ಹತ್ತಿರ ನಿಂತ ಮೇಲೆ ಕಂಡಿತು.

ಬೀದಿಯ ಉದ್ದಕ್ಕೂ ಚಾಪೆ ಹಾಸಿ ಪಾಪಣ್ಣ ಹಪ್ಪಳ ಒಣಗಿಸುತ್ತಿದ್ದ. ವಾರದ ಹಪ್ಪಳವೆಲ್ಲ ಒಂದೇ ದಿನದ ಬಿಸಿಲಿಗೆ ಒಣಗಬೇಕು, ಪಾಪ ಅವನಿಗೆ ಒಂದು ಗೇಣು ಬಿಸಿಲೂ ದಂಡ ಮಾಡುವ ಹಾಗಿಲ್ಲ. ನನ್ನನ್ನು ನೋಡಿದ. ನೋಡದವನ ಹಾಗೆ ಬಾಗಿ ಹಪ್ಪಳ ಮಗುಚಿದ. ಅವನ ಹೆಂಡತಿ ನೋಡಿದಳು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಚೀಲದೊಳಗೆ ಕೈಯಿಟ್ಟರೆ ಅಂಗುಲಪ್ಪ ಅಲ್ಲಾಡುತ್ತಿರಲಿಲ್ಲ. ನನಗಿಂತ ಎರಡು ಮಾರು ಆಚೆ ಬಿಸಿಲು ಧಾರಾಳವಾಗಿ ಬಿದ್ದಿತ್ತು.

ಬಾಯಿಬಿಟ್ಟು ಕೇಳಬಾರದು. ನಮ್ಮೂರಿನಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. "ಪಾಪಣ್ಣ," ಎಂದೆ, "ನನ್ನನ್ನ ಕರಿಯಪ್ಪ."

ಪಾಪಣ್ಣ ನಿಧಾನವಾಗಿ ನೆಟ್ಟಗಾದ. "ಯಾಕೆ ರುದ್ರಕ್ಕ? ನಿಮ್ಮ ಬೀದಿಗೇನು ಬಿಸಿಲು ಬರಲ್ವಾ?"

"ಬರುತ್ತೆ. ಅವತ್ತು ಹಂಗಂದಿದ್ದು ಕೊಬ್ಬು. ನಿನ್ನ ಬೀಗರ ಮುಂದೆ ಅನ್ನಬಾರದಿತ್ತು, ಆರು ವರ್ಷದಿಂದ ಗೊತ್ತು, ಹೇಳಕ್ಕೆ ನಾಲಿಗೆ ಬರ್ಲಿಲ್ಲ. ತಪ್ಪಾಯ್ತು. ನನ್ನನ್ನ ಕರೀದಿದ್ರೆ ಬೇಡ. ಇವನಿಗೆ ಕೊಬ್ಬಿಲ್ಲ ಪಾಪಣ್ಣ, ಇವನಿಗೆ ಹೊಟ್ಟೆನೋವು. ಇವನನ್ನ ಕರಿ." ಎರಡು ಕೈಯಲ್ಲಿ ಅಂಗುಲಪ್ಪನನ್ನು ಎತ್ತಿ ತೋರಿಸಿದೆ. ತಲೆ ಒಂದು ಕಡೆಗೆ ವಾಲಿತ್ತು.

ಪಾಪಣ್ಣ ಹತ್ತಿರ ಬಂದು ನೋಡಿದ. ನನ್ನ ಮೇಲಿನ ಸಿಟ್ಟು ಅವನ ಮುಖದಲ್ಲಿ ಹಾಗೇ ಇತ್ತು, ಆದರೆ ಕಣ್ಣು ಹಲ್ಲಿಯ ಮೇಲೆ ಮೆತ್ತಗಾಯಿತು. ಕೈ ಜೋಡಿಸಿ, ಬೀದಿಗೆಲ್ಲ ಕೇಳುವ ಹಾಗೆ, "ಹಲ್ಲಿಯವರೇ, ನೀವು ಬಿಸಿಲಿಗೆ ಬನ್ನಿ" ಎಂದ. ಜನ ಗೊಳ್ಳೆಂದು ನಕ್ಕರು. ನನ್ನ ಕಡೆ ನೋಡಲೂ ಇಲ್ಲ.

"ಮೇಲಿಂದ ಹಿಡೀಬೇಡ, ಹೊಟ್ಟೆ ಕೆಳಗೆ ಕೈ ಕೊಡು," ಎಂದು ಹೇಳಿಕೊಟ್ಟೆ. ಅವನು ಹಾಗೇ ಎತ್ತಿಕೊಂಡು ಹೋಗಿ ಚಾಪೆಗಳ ಆಚೆ ಬಿಸಿಲಿನಲ್ಲಿ ಕಾದ ಒರಳುಕಲ್ಲಿನ ಮೇಲೆ ಇಟ್ಟ. ನಾನು ಗೆರೆಯ ಈಚೆ ನೆರಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅಂಗುಲಪ್ಪ ತಲೆ ಎತ್ತಿದ. ನನಗೆ ಜೀವ ಬಂದ ಹಾಗಾಯಿತು. ನಾಲಿಗೆ ಆ ಕಡೆ ಆಡಿಸಿದ, ಈ ಕಡೆ ಆಡಿಸಿದ, ಪಾಪಣ್ಣನ ಪಂಚೆಯನ್ನು ಮೂಸಿದ. ಆಮೇಲೆ ಕಲ್ಲಿನಿಂದ ಜಾರಿ ಇಳಿದು, ಭಾರದ ಹೊಟ್ಟೆ ಎಳೆದುಕೊಂಡು, ಹಸಿ ಹಪ್ಪಳಗಳ ಮೇಲೆ ಪಟಪಟ ಹೆಜ್ಜೆಯಿಡುತ್ತ, ಬಿಸಿಲೆಲ್ಲ ದಾಟಿ, ಗೆರೆಯನ್ನೂ ದಾಟಿ ನೆರಳಿಗೆ ಬಂದು ನನ್ನ ಮಡಿಲು ಹತ್ತಿದ.

"ಅಯ್ಯೋ, ನನ್ನ ಹಪ್ಪಳ!" ಎಂದ ಪಾಪಣ್ಣ. ಮತ್ತೆ ಎತ್ತಿಕೊಂಡು ಹೋಗಿ ಇಟ್ಟ. ಅಂಗುಲಪ್ಪ ಮತ್ತೆ ಬಂದ. ಈ ಸಲ ಇನ್ನೊಂದು ಚಾಪೆಯ ಮೇಲೆ ಬಂದ. ಮೂರನೆಯ ಸಲ ಪಾಪಣ್ಣ ಬೊಗಸೆ ಅಡ್ಡ ಹಿಡಿದು ನಿಂತರೆ ಅವನ ಕಾಲ ಸಂದಿಯಲ್ಲೇ ನುಸುಳಿ ಬಂದ. ಅಂಗುಲಪ್ಪನಿಗೆ ಬೇಕಾದದ್ದು ಬಿಸಿಲು, ಅವನ ಪ್ರಾಣ ಇರುವುದೇ ಬಿಸಿಲಿನಲ್ಲಿ, ಅದನ್ನು ಬಿಟ್ಟು ಈ ತಣ್ಣನೆ ನೆರಳಿನಲ್ಲಿ ನನ್ನ ಸೀರೆಯ ನೆರಿಗೆಯೊಳಗೆ ಮೂತಿ ತೂರಿಸುತ್ತಿದ್ದ. ನನಗೆ ಸಿಟ್ಟು ಬಂತು.

"ಅಲ್ಲೋ ಮುಂಡೇದೇ, ನಿಂಗೆ ಬುದ್ಧಿ ಇದ್ಯಾ? ಹೋಗೋ ಅಲ್ಲಿಗೆ! ನನ್ನ ಹತ್ರ ಏನಿದೆ ಅಂತ ಬರ್ತೀಯ?" ಎಂದು ಬೈದೆ. ಬೈಯುತ್ತ ಬೈಯುತ್ತ ಅಳು ಬಂದುಬಿಟ್ಟಿತು. ಇಡೀ ಮಂಗಳವಾರದ ಬೀದಿಯ ಎದುರು, ಬೇರೆ ಬೇರೆ ಜೊತೆಯ ಚಪ್ಪಲಿ ಹಾಕಿಕೊಂಡು, ಹಲ್ಲಿಯನ್ನು ಎದೆಗವಚಿಕೊಂಡು ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಯಾರೋ ನನಗಾಗಿ ಬಿಸಿಲು ಬಿಟ್ಟು ಬಂದದ್ದು ಅದೇ ಮೊದಲು.

ಪಾಪಣ್ಣ ಕಾಲಿನ ಬಳಿಯ ಒಂದು ಹಪ್ಪಳ ಎತ್ತಿ ನೋಡಿದ. ನಡುವೆ ಐದು ಬೆರಳಿನ ಪುಟ್ಟ ಹೆಜ್ಜೆ ಅಚ್ಚೊತ್ತಿತ್ತು. ನನ್ನನ್ನು ನೋಡಿದ, ಹಪ್ಪಳ ನೋಡಿದ, ಉಸಿರು ಬಿಟ್ಟ.

"ರುದ್ರಕ್ಕ, ಹಿಂಗೇ ಆದ್ರೆ ಸಾಯಂಕಾಲದ ಹೊತ್ತಿಗೆ ಒಂದು ಹಪ್ಪಳನೂ ಉಳಿಯಲ್ಲ. ಇವನು ಬಿಸಿಲಿಗೆ ಬರೋನಲ್ಲ, ನೀವಿದ್ದ ಕಡೆ ಬರೋನು. ಏಳಿ. ಬಿಸಿಲಿಗೆ ಬನ್ನಿ."

ಕಣ್ಣೊರೆಸಿಕೊಂಡು ಎದ್ದೆ. ಒಂದು ಕಾಲು ಎತ್ತಿದವಳು ಹಾಗೇ ನಿಂತೆ. ಮೂವತ್ತು ವರ್ಷದಿಂದ ಆಡದ ಮಾತು, ಹುಡುಕಿ ತೆಗೆಯಬೇಕಾಯಿತು.

"ಪಾಪಣ್ಣ, ನಾಳೆ ಬುಧವಾರ. ನಮ್ಮ ಬಿಸಿಲಿಗೆ ಬನ್ನಿ. ಮನೆಯವರನ್ನೂ ಕರ್ಕೊಂಡು ಬನ್ನಿ."

ಬೀದಿಯಲ್ಲಿ ಯಾರೂ ನಗಲಿಲ್ಲ. ಪಾಪಣ್ಣ ಪಂಚೆಗೆ ಕೈ ಒರೆಸಿಕೊಂಡ. "ಬರ್ತೀವಕ್ಕ. ಬರ್ತಾ ಏನಾದ್ರೂ ತರ್ಬೇಕಾ?"

"ಮೊಟ್ಟೆ ತನ್ನಿ," ಎಂದು ಹೇಳಿ, ಅಂಗುಲಪ್ಪನನ್ನು ಹೆಗಲಿಗೆ ಹತ್ತಿಸಿಕೊಂಡು ಗೆರೆ ದಾಟಿದೆ.